ಕರುಳಿನ ಆಪರೇಷನ್ ಆದಮೇಲೆ ಯೂರಿನ್ ಪೈಪ್ ಎಷ್ಟು ದಿನ? ಒಂದೇ, ಮೂರೇ, ವಾರವೇ?

ಕರುಳಿನ ಆಪರೇಷನ್ ಮುಗಿಸಿ ವಾರ್ಡಿಗೆ ಬಂದವರ ಮೈಗೆ ನಾಲ್ಕಾರು ಕೊಳವೆಗಳು ಅಂಟಿಕೊಂಡಿರುತ್ತವೆ. ಕೈಯಲ್ಲಿ ಡ್ರಿಪ್, ಕೆಲವರಿಗೆ ಮೂಗಿನಲ್ಲಿ ರೈಲ್ಸ್ ಟ್ಯೂಬ್, ಹೊಟ್ಟೆಯ ಪಕ್ಕದಲ್ಲಿ ಡ್ರೈನ್, ಕೆಳಗೆ ಯೂರಿನ್ ಪೈಪ್. ಮನೆಯವರನ್ನು ಹೆಚ್ಚು ಗೊಂದಲಕ್ಕೆ ಬೀಳಿಸುವುದು ಈ ಕೊನೆಯದು. ಪಕ್ಕದ ಬೆಡ್ಡಿನವರಿಗೆ ಮಾರನೇ ಬೆಳಿಗ್ಗೆಯೇ ತೆಗೆದರು, ನಮ್ಮವರಿಗೆ ಐದು ದಿನ ಬೇಕು ಅಂದಿದ್ದಾರೆ, ಯಾಕೆ? ಬೇಗ ತೆಗೆಸಿ ಮೂತ್ರ ಕಟ್ಟಿಕೊಂಡರೆ ಮತ್ತೆ ಹಾಕಿಸಿಕೊಳ್ಳಬೇಕಲ್ಲ? ಎದ್ದು ಹೋಗುವ ಕಷ್ಟವಾದರೂ ತಪ್ಪುತ್ತದೆ, ಇನ್ನೆರಡು ದಿನ ಇರಲಿ ಬಿಡಿ ಎನ್ನುವವರೂ ಇದ್ದಾರೆ.

ತೀರ್ಮಾನ ಸರ್ಜನ್‌ರದೇ. ಆದರೆ ಅವರು ಯಾವ ಲೆಕ್ಕದ ಮೇಲೆ ಒಂದು, ಮೂರು, ಏಳು ಎನ್ನುತ್ತಾರೆಂದು ತಿಳಿದಿದ್ದರೆ ರೌಂಡ್ಸ್‌ಗೆ ಬಂದಾಗ ಸರಿಯಾದ ಪ್ರಶ್ನೆ ಕೇಳಬಹುದು. ಎಣಿಕೆಯಲ್ಲೇ ಒಂದು ತೊಡಕಿದೆ, ಅದನ್ನು ಮೊದಲು ಬಿಡಿಸಿಕೊಳ್ಳಿ. ಆಸ್ಪತ್ರೆಯವರು ಆಪರೇಷನ್ ಆದ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ಸೋಮವಾರ ಆಪರೇಷನ್ ಆದರೆ ಮಂಗಳವಾರ ಬೆಳಿಗ್ಗೆ ಮೊದಲ ದಿನ, ಗುರುವಾರ ಮೂರನೇ ದಿನ. ಮನೆಯವರು ಸೋಮವಾರವನ್ನೇ ಒಂದು ಎಂದು ಎಣಿಸಿ, ಹೇಳಿದ ದಿನಕ್ಕೆ ತೆಗೆಯಲಿಲ್ಲ ಎಂದು ಗಾಬರಿಯಾಗುವುದುಂಟು.

ತಕ್ಕಡಿಯ ಎರಡು ತಟ್ಟೆ

ಒಂದು ತಟ್ಟೆಯಲ್ಲಿರುವುದು ಸೋಂಕು. ಸಾಮಾನ್ಯವಾಗಿ ಹಾಕುವುದು ಫೋಲಿ ಕ್ಯಾಥೆಟರ್. ದೊಡ್ಡವರಿಗೆ 14 ಅಥವಾ 16 ಫ್ರೆಂಚ್ ಅಳತೆಯದು. ಮೂರು ಫ್ರೆಂಚ್ ಎಂದರೆ 1 ಮಿಲಿಮೀಟರ್, ಹಾಗಾಗಿ 16ರ ಪೈಪು 5 ಮಿಲಿಮೀಟರಿಗಿಂತ ತುಸು ದಪ್ಪ. ಒಳತುದಿಯಲ್ಲಿ ಸುಮಾರು 10 ಮಿಲಿ ನೀರು ತುಂಬಿದ ಬಲೂನು ಅದನ್ನು ಮೂತ್ರಕೋಶದಲ್ಲಿ ಹಿಡಿದಿಡುತ್ತದೆ. ಬಾವಿಯ ಕಲ್ಲಿಗೆ ಪಾಚಿ ಹತ್ತುವ ಹಾಗೆ ಈ ಪೈಪಿನ ಒಳಮೈಗೂ ಹೊರಮೈಗೂ ಬ್ಯಾಕ್ಟೀರಿಯಾದ ಲೋಳೆ ಪದರ ಹತ್ತುತ್ತಾ ಹೋಗುತ್ತದೆ. ಪೈಪು ಉಳಿದ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ. 3ರಿಂದ 7ರಷ್ಟು. ಬ್ಯಾಕ್ಟೀರಿಯಾ ಕಂಡವರಿಗೆಲ್ಲ ಜ್ವರ ಬರುವುದಿಲ್ಲ, ಆದರೆ ದಿನ ಕಳೆದಂತೆ ಅಪಾಯ ಏರುತ್ತಲೇ ಇರುತ್ತದೆ. ಜೊತೆಗೆ, ಬ್ಯಾಗು ನೇತುಹಾಕಿಕೊಂಡವರು ಏಳಲು ಹಿಂಜರಿಯುತ್ತಾರೆ. ಕರುಳು ಚುರುಕಾಗಲು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಓಡಾಟ ಬೇಕೇ ಬೇಕು. ವಯಸ್ಸಾದವರು ರಾತ್ರಿ ಅರೆಮರವೆಯಲ್ಲಿ ಪೈಪನ್ನು ಬಲೂನಿನ ಸಮೇತ ಕಿತ್ತುಕೊಂಡು ಮೂತ್ರನಾಳ ಹರಿದುಕೊಳ್ಳುವ ಅಪಾಯವೂ ಇದೆ.

ಇನ್ನೊಂದು ತಟ್ಟೆಯಲ್ಲಿರುವುದು ಮೂತ್ರ ಕಟ್ಟಿಕೊಳ್ಳುವುದು. ಸಾಮಾನ್ಯ ಮೂತ್ರಕೋಶ 400ರಿಂದ 500 ಮಿಲಿ ತುಂಬುವ ಹೊತ್ತಿಗೆ ಅವಸರ ಹುಟ್ಟಿಸುತ್ತದೆ. ಅರಿವಳಿಕೆ, ನೋವಿನ ಮದ್ದು, ನರಕ್ಕಾದ ಪೆಟ್ಟು ಇವುಗಳಿಂದ ಆ ಅವಸರವೇ ಮಂಕಾದರೆ 800 ಮಿಲಿ ತುಂಬಿದರೂ ರೋಗಿಗೆ ಗೊತ್ತಾಗದೆ ಹೋಗಬಹುದು. ಹಾಗೆ ಹಲವು ಗಂಟೆ ಹಿಗ್ಗಿದ ಮೂತ್ರಕೋಶದ ಸ್ನಾಯು ಸೋತುಹೋಗುತ್ತದೆ, ಮತ್ತೆ ಹಿಂಡುವ ಶಕ್ತಿ ಬರಲು ದಿನಗಳೋ ವಾರಗಳೋ ಹಿಡಿಯುತ್ತವೆ. ಮೂತ್ರ ಕಟ್ಟಿದ್ದು ಎರಡು ಗಂಟೆಯೊಳಗೆ ತಿಳಿದರೆ ಅದೊಂದು ಸಣ್ಣ ಅಡಚಣೆ. ಹನ್ನೆರಡು ಗಂಟೆ ತಿಳಿಯದೆ ಹೋದರೆ ಅದೇ ದೊಡ್ಡ ಪೆಟ್ಟು.

ಎರಡೂ ತಟ್ಟೆಗಳನ್ನು ಒಟ್ಟಿಗೆ ತೂಗಿದ ಫ್ರೆಂಚ್ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಗುದನಾಳದ ಭಾಗ ಕತ್ತರಿಸಿದ 126 ಮಂದಿಯಲ್ಲಿ ಒಂದು ಗುಂಪಿಗೆ 1 ದಿನ, ಇನ್ನೊಂದಕ್ಕೆ 5 ದಿನ ಪೈಪು ಇಟ್ಟರು. ಮೂತ್ರ ಕಟ್ಟಿಕೊಂಡದ್ದು ಒಂದು ದಿನದವರಲ್ಲಿ ಶೇ. 25, ಐದು ದಿನದವರಲ್ಲಿ ಶೇ. 10. ಸೋಂಕು ಒಂದು ದಿನದವರಲ್ಲಿ ಶೇ. 20, ಐದು ದಿನದವರಲ್ಲಿ ಶೇ. 42. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಇದು ಗುದನಾಳದ ಆಪರೇಷನ್ನಿನ ಲೆಕ್ಕ ಎಂಬುದನ್ನು ಮರೆಯಬೇಡಿ. ಹೊಟ್ಟೆಯ ಮೇಲುಭಾಗದ ಕರುಳಿಗೆ ಕತ್ತರಿ ಹಾಕಿದವರಲ್ಲಿ ಮೂತ್ರ ಕಟ್ಟುವ ಭಯ ಇದಕ್ಕಿಂತ ಬಹಳ ಕಡಿಮೆ, ಹಾಗಾಗಿ ಅವರ ತಕ್ಕಡಿ ಬೇಗ ತೆಗೆಯುವ ಕಡೆಗೇ ವಾಲುತ್ತದೆ.

ಯಾವುದನ್ನು ನೋಡಿ ದಿನ ಗೊತ್ತುಮಾಡುತ್ತಾರೆ

ಮೊದಲನೆಯದು ಮತ್ತು ಎಲ್ಲಕ್ಕಿಂತ ತೂಕದ್ದು, ಕತ್ತರಿ ಎಷ್ಟು ಕೆಳಗಿಳಿಯಿತು ಎಂಬುದು. ಮೂತ್ರಕೋಶವನ್ನು ಹಿಂಡಿಸುವ ನರಗಳು ಬೆನ್ನುಹುರಿಯ ಕೊನೆಯ ಭಾಗದಿಂದ ಹೊರಟು ಗುದನಾಳದ ಎರಡೂ ಪಕ್ಕಕ್ಕೆ ಒತ್ತಿಕೊಂಡೇ ಮುಂದಕ್ಕೆ ಸಾಗುತ್ತವೆ. ಬಲಭಾಗದ ದೊಡ್ಡ ಕರುಳಿನ ಆಪರೇಷನ್ನಿನಲ್ಲಿ ಅವುಗಳ ಹತ್ತಿರಕ್ಕೂ ಯಾರೂ ಹೋಗುವುದಿಲ್ಲ. ಗುದನಾಳದ ಕ್ಯಾನ್ಸರಿಗೆ ಅದರ ಸುತ್ತಲಿನ ಕೊಬ್ಬಿನ ಹೊದಿಕೆಯನ್ನೂ ಸೇರಿಸಿ ಬಿಡಿಸುವಾಗ ಸರ್ಜನ್‌ರ ಉಪಕರಣ ಆ ನರಗಳಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಓಡಾಡುತ್ತದೆ. ನರ ತುಂಡಾಗದಿದ್ದರೂ ಎಳೆತಕ್ಕೆ, ಶಾಖಕ್ಕೆ, ಊತಕ್ಕೆ ಕೆಲವು ದಿನ ಮರಗಟ್ಟುತ್ತದೆ. ಮಲದ್ವಾರವನ್ನೇ ತೆಗೆದು ಹೊಟ್ಟೆಗೆ ಶಾಶ್ವತ ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡುವ ಬಾಯಿ) ಇಡುವ ಆಪರೇಷನ್ನಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಎರಡನೆಯದು, ಆಪರೇಷನ್ನಿಗೆ ಮುಂಚೆ ಅವರು ಹೇಗೆ ಒಂದಕ್ಕೆ ಹೋಗುತ್ತಿದ್ದರು? ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗಿರುವುದು, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಅನ್ನಿಸುವುದು ಇವೆಲ್ಲ ಗಂಡಸರಲ್ಲಿ ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿರುವ ಗುರುತು. ಹಳೆಯ ಸಕ್ಕರೆ ಕಾಯಿಲೆಯೂ ಮೂತ್ರಕೋಶದ ನರಗಳನ್ನು ಮೊಂಡಾಗಿಸುತ್ತದೆ. ಅಜ್ಜ ಇದನ್ನೆಲ್ಲ ಡಾಕ್ಟರ್ ಮುಂದೆ ಬಾಯಿಬಿಡುವುದಿಲ್ಲ, ವಯಸ್ಸಿಗೆ ಸಹಜ ಅಂದುಕೊಂಡಿರುತ್ತಾರೆ. ಮನೆಯವರಾದರೂ ಅಡ್ಮಿಟ್ ಆಗುವಾಗಲೇ ಹೇಳಿಬಿಡಬೇಕು. ಪೈಪು ಎಷ್ಟು ದಿನ ಇರಬೇಕೆಂಬ ಲೆಕ್ಕ ಅದರಿಂದಲೇ ಬದಲಾಗಬಹುದು.

ಮೂರನೆಯದು ನೋವಿನ ಮದ್ದು. ಮಾರ್ಫಿನ್ ಜಾತಿಯ ಔಷಧಿಗಳು ಮೂತ್ರಕೋಶದ ಅವಸರವನ್ನೂ ಹಿಂಡುವಿಕೆಯನ್ನೂ ತಗ್ಗಿಸುತ್ತವೆ. ಬೆನ್ನಿನ ಒಂದೇ ಇಂಜೆಕ್ಷನ್ನಿನಲ್ಲಿ ಮಾರ್ಫಿನ್ ಕೊಟ್ಟಿದ್ದರೆ ಅದರ ಪ್ರಭಾವ ಒಂದು ದಿನದವರೆಗೂ ಉಳಿಯಬಹುದು. ಬೆನ್ನಿಗೆ ಸಣ್ಣ ನಳಿಕೆ ಇಟ್ಟು ಎಪಿಡ್ಯೂರಲ್ ಕೊಡುವಲ್ಲಿ ಅದು ಎಷ್ಟು ಎತ್ತರದಲ್ಲಿದೆ ಎಂದು ಕೇಳಿ. ಸೊಂಟದ ಮಟ್ಟದಲ್ಲಿದ್ದರೆ ಅದು ಮುಗಿಯುವವರೆಗೆ ಪೈಪು ಉಳಿಯುವುದು ಸರಿ. ಎದೆಯ ಮಟ್ಟದ ಎಪಿಡ್ಯೂರಲ್ ಮೂತ್ರಕೋಶದ ನರಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅದು ಇನ್ನೂ ಓಡುತ್ತಿದ್ದಾಗಲೇ ಮೊದಲ ಬೆಳಿಗ್ಗೆ ಪೈಪು ತೆಗೆಯಬಹುದು ಎಂದು ಅಧ್ಯಯನಗಳು ತೋರಿಸಿವೆ. ಎಪಿಡ್ಯೂರಲ್ ಇದೆ, ಹಾಗಾಗಿ ಪೈಪೂ ಇರಲಿ ಎನ್ನುವ ಹಳೆಯ ರೂಢಿ ಹಲವು ಕಡೆ ಇನ್ನೂ ಹೋಗಿಲ್ಲ.

ನಾಲ್ಕನೆಯದು, ಪೈಪಿಗೆ ಬೇರೆ ಕೆಲಸ ಇದೆಯೇ? ಮೂತ್ರಕೋಶಕ್ಕೆ ಹೊಲಿಗೆ ಬಿದ್ದಿದ್ದರೆ ಅದು ಒಣಗುವವರೆಗೆ ಖಾಲಿಯಾಗಿಯೇ ಇರಬೇಕು. ಕರುಳು ತೂತಾಗಿ ತುರ್ತು ಆಪರೇಷನ್ ಆದವರು ಬಿಪಿ ಔಷಧಿಯ ಮೇಲೆ ಐಸಿಯುನಲ್ಲಿದ್ದರೆ ಗಂಟೆಗಂಟೆಗೆ ಮೂತ್ರ ಎಷ್ಟು ಬಂತೆಂದು ನೋಡಲೇಬೇಕು. ಆದರೆ ಬಿಪಿ ಸರಿಯಾಗಿ, ನೀರು ಕುಡಿಯಲು ಶುರುಮಾಡಿ, ಎದ್ದು ಕೂತವರಿಗೆ ಬರೀ ಲೆಕ್ಕ ಬರೆಯುವುದಕ್ಕಾಗಿ ಪೈಪು ಇಡುವುದು ಸಲ್ಲದು. ಅಳತೆಯ ಜಗ್ಗಿನಲ್ಲಿ ಹಿಡಿದೂ ಲೆಕ್ಕ ಬರೆಯಬಹುದು.

ಐದನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇದೂ ಅಷ್ಟೇ ಮುಖ್ಯ. ಪೈಪು ತೆಗೆದ ಮೇಲೆ ಕಾದು ನೋಡುವವರು ಇದ್ದಾರೆಯೇ? ಬೇಗ ತೆಗೆಯುವುದು ಒಳ್ಳೆಯದು ಎಂಬ ಮಾತು ನಿಲ್ಲುವುದು, ತೆಗೆದ ಆರು ಗಂಟೆಯೊಳಗೆ ಮೂತ್ರಕೋಶದ ಸ್ಥಿತಿಯನ್ನು ಯಾರಾದರೂ ಖಚಿತವಾಗಿ ನೋಡಿದರೆ ಮಾತ್ರ.

ಆಪರೇಷನ್ ಥಿಯೇಟರಿನಲ್ಲೇ ತೆಗೆಯುವುದು

ಅಪೆಂಡಿಕ್ಸ್‌ನಂಥ ಚಿಕ್ಕ ಆಪರೇಷನ್ನಿಗೆ ಎಷ್ಟೋ ಸಲ ಪೈಪೇ ಬೇಕಾಗುವುದಿಲ್ಲ. ಎರಡು ಮೂರು ಗಂಟೆಯಲ್ಲಿ ಮುಗಿಯುವ ಲ್ಯಾಪ್ರೋಸ್ಕೋಪಿ, ಬಲಭಾಗದ ಕರುಳು, ಪ್ರಾಸ್ಟೇಟ್ ತೊಂದರೆ ಇಲ್ಲದವರು, ಬೆನ್ನಿಗೆ ಮಾರ್ಫಿನ್ ಕೊಡದವರು: ಇಷ್ಟೂ ಕೂಡಿಬಂದರೆ ಎಚ್ಚರವಾಗುವ ಮೊದಲೇ ತೆಗೆದುಬಿಡುವ ತಂಡಗಳಿವೆ. ರೋಗಿಗೆ ಪೈಪಿನ ಕಿರಿಕಿರಿಯೇ ಗೊತ್ತಾಗುವುದಿಲ್ಲ. ತೊಡಕೆಂದರೆ ಆ ಸಂಜೆ ಅರಿವಳಿಕೆಯ ಮಂಪರು, ಡ್ರಿಪ್ಪಿನ ನೀರು, ಹೊಟ್ಟೆಯ ನೋವು ಮೂರೂ ಒಟ್ಟಿಗೆ ಇರುತ್ತವೆ, ಮೂತ್ರಕೋಶ ತುಂಬುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಒಳಗೆ ಎಷ್ಟು ಮೂತ್ರವಿದೆ ಎಂದು ತೋರಿಸುವ ಬ್ಲ್ಯಾಡರ್ ಸ್ಕ್ಯಾನರ್ ಮತ್ತು ರಾತ್ರಿ ಪಾಳಿಯಲ್ಲಿ ಸಾಕಷ್ಟು ಸಿಸ್ಟರ್‌ಗಳು ಇರುವಲ್ಲಿ ಇದು ಒಳ್ಳೆಯ ದಾರಿ. ಇಲ್ಲದ ಕಡೆ ಒಂದು ರಾತ್ರಿ ಕಾಯುವುದೇ ಜಾಣತನ.

ಮೊದಲ ದಿನದ ಬೆಳಿಗ್ಗೆ

ಮೂತ್ರ ಕಟ್ಟುವ ಅಪಾಯ ಕಡಿಮೆ ಇರುವವರಿಗೆ ಮೊದಲ ದಿನವೇ, ಹೆಚ್ಚಿರುವವರಿಗೆ ಮೂರು ದಿನದವರೆಗೆ ಎಂದು, ಆಪರೇಷನ್ ಆದವರು ಬೇಗ ಚೇತರಿಸಿಕೊಳ್ಳುವ ಕ್ರಮಗಳನ್ನು ರೂಪಿಸುವ ಇರಾಸ್ (ERAS) ಸೊಸೈಟಿಯ 2018ರ ಮಾರ್ಗಸೂಚಿ ಹೇಳುತ್ತದೆ. ಗಂಡಸಾಗಿರುವುದು, ಎಪಿಡ್ಯೂರಲ್, ಸೊಂಟದ ಕುಳಿಯೊಳಗಿನ ಆಪರೇಷನ್ ಈ ಮೂರನ್ನು ಅದು ಅಪಾಯ ಹೆಚ್ಚಿಸುವ ಕಾರಣಗಳೆಂದು ಹೆಸರಿಸುತ್ತದೆ.

ಬಲಭಾಗ, ಎಡಭಾಗ, ಬಹುಪಾಲು ಸಿಗ್ಮಾಯ್ಡ್ (ಗುದನಾಳಕ್ಕೆ ಸೇರುವ ಮುಂಚಿನ ದೊಡ್ಡ ಕರುಳಿನ ತಿರುವು) ಆಪರೇಷನ್‌ಗಳು, ಸಣ್ಣ ಕರುಳಿನ ಜೋಡಣೆ, ಸ್ಟೋಮಾ ಮುಚ್ಚಿಸುವುದು ಎಲ್ಲಕ್ಕೂ ನಮ್ಮ ಮೊದಲ ಆಯ್ಕೆ ಇದೇ. ಹೊಟ್ಟೆ ಉದ್ದಕ್ಕೆ ಕೊಯ್ದಿದ್ದಾರೋ ಲ್ಯಾಪ್ರೋಸ್ಕೋಪಿಯೋ ಎಂಬುದರಿಂದ ಹೆಚ್ಚು ವ್ಯತ್ಯಾಸವಿಲ್ಲ. ಕೊಯ್ತ ದೊಡ್ಡದಿದ್ದರೆ ಎದ್ದು ಹೋಗಲು ಒಬ್ಬರ ಸಹಾಯ ಬೇಕು, ಅಷ್ಟೇ. ಹೆಂಗಸರಲ್ಲಿ ಈ ಆಯ್ಕೆ ಇನ್ನೂ ಸಲೀಸು. ಅರವತ್ತು ದಾಟಿದ ಗಂಡಸರಿಗೆ ಪ್ರಾಸ್ಟೇಟ್ ತೊಂದರೆ ಇದ್ದರೆ ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಮಾತ್ರೆಯನ್ನು ಆಪರೇಷನ್ನಿಗೆ ಮುಂಚಿನಿಂದಲೋ ಹಿಂದಿನ ರಾತ್ರಿಯಿಂದಲೋ ಶುರುಮಾಡಿ ಮೊದಲ ಅಥವಾ ಎರಡನೇ ದಿನ ತೆಗೆಯುವ ಪದ್ಧತಿಯಿದೆ. ಈ ಜಾತಿಯ ಮಾತ್ರೆ ಕೊಟ್ಟು ಸೊಂಟದ ಕುಳಿಯ ಆಪರೇಷನ್ ಆದವರಿಗೂ ಮೊದಲ ದಿನವೇ ತೆಗೆದು ನೋಡಿದ್ದಾರೆ, ಮೂತ್ರ ಕಟ್ಟುವುದು ಹೆಚ್ಚಾಗಲಿಲ್ಲ. ಮಾತ್ರೆಗೆ ತನ್ನದೇ ತೊಂದರೆಗಳಿವೆ. ಮೊದಲ ಸಲ ಏಳುವಾಗ ಬಿಪಿ ಇಳಿದು ತಲೆ ಸುತ್ತಬಹುದು, ಆದ್ದರಿಂದ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು ಆಮೇಲೆ ಏಳಬೇಕು. ಮುಂದೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸುವವರು ಈ ಮಾತ್ರೆ ತೆಗೆದುಕೊಂಡದ್ದನ್ನು ಕಣ್ಣಿನ ಡಾಕ್ಟರಿಗೆ ತಪ್ಪದೆ ಹೇಳಬೇಕು.

ಮೂರನೇ ದಿನ

ಗುದನಾಳದ ಮೇಲಿನ ಅಥವಾ ನಡುವಿನ ಭಾಗದ ಆಪರೇಷನ್, ಸೊಂಟದ ಮಟ್ಟದ ಎಪಿಡ್ಯೂರಲ್, ಪ್ರಾಸ್ಟೇಟ್ ಜೊತೆಗೆ ಸಕ್ಕರೆ ಕಾಯಿಲೆ ಇಂಥವರಿಗೆ ಇದು ಹೊಂದುತ್ತದೆ. ಆ ಹೊತ್ತಿಗೆ ಬಲವಾದ ನೋವಿನ ಮದ್ದು ಇಳಿದಿರುತ್ತದೆ, ರೋಗಿ ಕಾರಿಡಾರಿನಲ್ಲಿ ನಡೆಯುತ್ತಿರುತ್ತಾರೆ, ಡ್ರಿಪ್ ನಿಂತಿರುತ್ತದೆ. ಎರಡು ದಿನದ ಹೆಚ್ಚುವರಿ ಸೋಂಕಿನ ಅಪಾಯ ಹೊತ್ತುಕೊಂಡರೂ ಮತ್ತೆ ಪೈಪು ಹಾಕುವ ಸಂಭವ ತಗ್ಗುತ್ತದೆ. ಮತ್ತೆ ಹಾಕುವುದು ಸಣ್ಣ ವಿಷಯವಲ್ಲ. ಮೊದಲ ಸಲ ಅರಿವಳಿಕೆಯಲ್ಲಿ ಹಾಕಿರುತ್ತಾರೆ. ಎರಡನೇ ಸಲ ಎಚ್ಚರದಲ್ಲಿ, ಊದಿದ ಮೂತ್ರನಾಳಕ್ಕೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಮೂರನೇ ದಿನ ಎಂದು ಬರೆದ ಪೈಪು ಯಾರೂ ನೆನಪಿಸದೆ ಆರನೇ ದಿನದವರೆಗೂ ಉಳಿದುಬಿಡುವ ಅಪಾಯ ಸದಾ ಇದೆ. ಭಾನುವಾರ ಬಂತು, ಡ್ಯೂಟಿ ಬದಲಾಯಿತು, ಕೇಸ್ ಶೀಟಿನಲ್ಲಿ ಯಾರೂ ಆರ್ಡರ್ ಬರೆಯಲಿಲ್ಲ. ಪ್ರತಿ ಬೆಳಿಗ್ಗೆ ರೌಂಡ್ಸ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಇವತ್ತು ಈ ಪೈಪು ಯಾತಕ್ಕಾಗಿ ಬೇಕು, ಸರ್? ಉತ್ತರ ಇದ್ದರೆ ಇರಲಿ. ಇಲ್ಲದಿದ್ದರೆ ಅಂದೇ ತೆಗೆಯುತ್ತಾರೆ.

ಐದರಿಂದ ಏಳು ದಿನ, ಕೆಲವರಿಗೆ ಅದಕ್ಕೂ ಹೆಚ್ಚು

ಗುದನಾಳದ ತೀರ ಕೆಳಗಿನ ಗಡ್ಡೆ, ಮಲದ್ವಾರ ಸಮೇತ ತೆಗೆದ ಆಪರೇಷನ್, ಗರ್ಭಕೋಶವನ್ನೋ ಯೋನಿಯ ಹಿಂಗೋಡೆಯನ್ನೋ ಜೊತೆಗೆ ತೆಗೆದದ್ದು, ಗಡ್ಡೆ ಪಕ್ಕಕ್ಕೆ ಅಂಟಿಕೊಂಡಿದ್ದರಿಂದ ನರವನ್ನು ಉಳಿಸಲಾಗಲಿಲ್ಲ ಎಂದು ಸರ್ಜನ್ ಹೇಳಿದ ಪ್ರಸಂಗ: ಇವಕ್ಕೆ ಐದು ದಿನ ನ್ಯಾಯವಾದ ಕಾಲ. ಅದಕ್ಕೆ ಮುಂಚೆ ತೆಗೆದರೆ ಸೋಲುವವರು ಹೆಚ್ಚು.

ಕರುಳಿನ ಕ್ಯಾನ್ಸರ್ ಮೂತ್ರಕೋಶಕ್ಕೆ ಹಬ್ಬಿ ಅದರ ತುಂಡು ತೆಗೆದಿದ್ದರೆ, ಅಥವಾ ಕರುಳಿಗೂ ಮೂತ್ರಕೋಶಕ್ಕೂ ನಡುವೆ ಬಿದ್ದ ದಾರಿಯನ್ನು ಮುಚ್ಚಿದ್ದರೆ ಲೆಕ್ಕವೇ ಬೇರೆ. ಇಲ್ಲಿ ಪೈಪು ಹೊಲಿಗೆಯ ಕಾವಲಿಗೆ ಇರುವುದು, ಸಾಮಾನ್ಯವಾಗಿ 7ರಿಂದ 14 ದಿನ. ದೊಡ್ಡ ಹೊಲಿಗೆಯಾಗಿದ್ದರೆ ತೆಗೆಯುವ ಮುನ್ನ ಮೂತ್ರಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿಸಿ ಚಿತ್ರ ತೆಗೆದು ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಈ ಗುಂಪಿನವರು ಬೇಗ ತೆಗೆಯಿರಿ ಎಂದು ಒತ್ತಾಯಿಸಲೇಬಾರದು. ಪೈಪು ಕಟ್ಟಿಕೊಂಡು ಬ್ಯಾಗಿಗೆ ಮೂತ್ರ ಬರುವುದು ನಿಂತರೆ ಅರ್ಧ ಗಂಟೆಯೂ ಕಾಯದೆ ಸಿಸ್ಟರ್‌ನ್ನು ಕರೆಯಬೇಕು, ಒತ್ತಡಕ್ಕೆ ಹೊಲಿಗೆ ಬಿಡಬಹುದು.

ಒಂದು ವಾರಕ್ಕಿಂತ ಹೆಚ್ಚು ಬೇಕೆಂದು ಮೊದಲೇ ಗೊತ್ತಿದ್ದರೆ ಎರಡು ಆಯ್ಕೆಗಳನ್ನು ಕೇಳಿ ನೋಡಿ. ಒಂದು ಪೂರ್ತಿ ಸಿಲಿಕೋನಿನ ಕ್ಯಾಥೆಟರ್. ಮಾಮೂಲಿ ಲ್ಯಾಟೆಕ್ಸ್ ಪೈಪಿಗಿಂತ ಇದು ಹಲವು ಪಟ್ಟು ದುಬಾರಿ, ಆದರೆ ಒಳರಂಧ್ರ ಅಗಲ, ಉಪ್ಪು ಕಟ್ಟುವುದು ನಿಧಾನ, ಲ್ಯಾಟೆಕ್ಸ್ ಅಲರ್ಜಿ ಇರುವವರಿಗೂ ಆಗುತ್ತದೆ. ಎರಡು ಮೂರು ದಿನಕ್ಕಾದರೆ ಇದಕ್ಕೆ ದುಡ್ಡು ಹಾಕಬೇಕಿಲ್ಲ. ಇನ್ನೊಂದು, ಹೊಕ್ಕುಳಿನ ಕೆಳಗಿನಿಂದ ನೇರ ಮೂತ್ರಕೋಶಕ್ಕೆ ಇಡುವ ಪೈಪು. ಮೂತ್ರನಾಳಕ್ಕೆ ಕಿರಿಕಿರಿಯಿಲ್ಲ. ಅದನ್ನು ಕ್ಲಿಪ್ ಹಾಕಿ ಮುಚ್ಚಿ ಸಹಜ ದಾರಿಯಲ್ಲಿ ಪ್ರಯತ್ನಿಸಬಹುದು, ಆಗದಿದ್ದರೆ ಕ್ಲಿಪ್ ತೆಗೆದರೆ ಸಾಕು, ಮತ್ತೆ ಏನನ್ನೂ ತೂರಿಸಬೇಕಿಲ್ಲ. ಆದರೆ ಹೊಟ್ಟೆಗೆ ಇನ್ನೊಂದು ತೂತು, ರಕ್ತಸ್ರಾವದ ಸಣ್ಣ ಅಪಾಯ, ಹಾಕುವಾಗ ಕರುಳಿಗೆ ತಗಲುವ ಅಪರೂಪದ ಅಪಾಯ ಇವೆ. ಆಪರೇಷನ್ ನಡೆಯುತ್ತಿರುವಾಗಲೇ ಕಣ್ಣೆದುರು ಇಡುವುದು ಸುರಕ್ಷಿತ, ಆಮೇಲೆ ಯೋಚಿಸಿ ಹಾಕಿಸುವುದು ಅಷ್ಟು ಸುಲಭವಲ್ಲ.

ತೆಗೆಯುವ ಬೆಳಿಗ್ಗೆ

ಎಷ್ಟೋ ಕಡೆ ಹಿಂದಿನ ದಿನ ಪೈಪಿಗೆ ಕ್ಲ್ಯಾಂಪ್ ಹಾಕಿ ಎರಡು ಮೂರು ಗಂಟೆಗೊಮ್ಮೆ ಬಿಡುತ್ತಾರೆ, ಮೂತ್ರಕೋಶಕ್ಕೆ ಅಭ್ಯಾಸವಾಗಲಿ ಎಂದು. ಕೆಲವೇ ದಿನ ಇದ್ದ ಪೈಪಿಗೆ ಇದರಿಂದ ಲಾಭವಿಲ್ಲ. ಬಿಡಲು ಮರೆತರೆ ಮೂತ್ರಕೋಶ ಹಿಗ್ಗುತ್ತದೆ. ಕ್ಲ್ಯಾಂಪ್ ಇಲ್ಲದೆಯೇ ತೆಗೆಯಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹೊತ್ತು ಬೆಳಿಗ್ಗೆ ಆರರಿಂದ ಎಂಟರೊಳಗೆ ಇರಲಿ. ಮೊದಲ ಮೂತ್ರ, ಸ್ಕ್ಯಾನ್, ಅಗತ್ಯಬಿದ್ದರೆ ಮತ್ತೆ ಪೈಪು ಎಲ್ಲವೂ ಹಗಲಿನಲ್ಲೇ ಮುಗಿಯುತ್ತದೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಭಾನುವಾರ ಡಾಕ್ಟರ್ ಇರುವುದಿಲ್ಲ ಎಂದಾದರೆ ಸೋಮವಾರ ಬೆಳಿಗ್ಗೆಗೆ ಮುಂದೂಡುವುದು ಸರಿಯಾದ ರಾಜಿ, ಒಂದು ದಿನದ ಸೋಂಕಿನ ಅಪಾಯಕ್ಕಿಂತ ನೋಡುವವರಿಲ್ಲದ ದಿನದ ಅಪಾಯ ಹೆಚ್ಚು.

ಪೈಪಿಗೆ ಎರಡು ಬಾಯಿ. ಒಂದು ಬ್ಯಾಗಿಗೆ ಹೋಗುತ್ತದೆ. ಇನ್ನೊಂದು ಬಣ್ಣದ ಸಣ್ಣ ವಾಲ್ವ್, 14ರ ಅಳತೆಗೆ ಹಸಿರು, 16ಕ್ಕೆ ಕಿತ್ತಳೆ. ಬಲೂನಿನ ಅಳತೆ ಅದರ ಹತ್ತಿರವೇ ಅಚ್ಚಾಗಿರುತ್ತದೆ. ಸಿಸ್ಟರ್ ಸೂಜಿಯಿಲ್ಲದ 10 ಮಿಲಿ ಸಿರಿಂಜನ್ನು ಅಲ್ಲಿಗೆ ಒತ್ತಿ ಸುಮ್ಮನೆ ಹಿಡಿದರೆ ನೀರು ತಾನಾಗಿಯೇ ಹಿಂದಕ್ಕೆ ಬರುತ್ತದೆ, ಅರ್ಧ ನಿಮಿಷ ಸಾಕು. ಜೋರಾಗಿ ಎಳೆದರೆ ಬಲೂನು ಮಡಿಕೆ ಬಿದ್ದು ಅಂಚು ಕಟ್ಟುತ್ತದೆ, ಹೊರಬರುವಾಗ ಗೀರುತ್ತದೆ. ಹಾಕಿದಷ್ಟೇ ನೀರು ವಾಪಸು ಬಂದಿದೆಯೇ ಎಂದು ನೋಡಬೇಕು; ಹತ್ತು ಹಾಕಿ ಆರೇ ಬಂದಿದ್ದರೆ ಎಳೆಯಬಾರದು. ವಾಲ್ವನ್ನು ಕತ್ತರಿಯಿಂದ ಕತ್ತರಿಸುವುದು ಎಂದಿಗೂ ಬೇಡ, ನೀರು ಇಳಿಯದೆ ಹೋದರೆ ಬೇರೆ ದಾರಿಯೇ ಉಳಿಯುವುದಿಲ್ಲ. ರೋಗಿ ನಿಧಾನವಾಗಿ ಉಸಿರು ಬಿಡುತ್ತಿರುವಾಗ ಪೈಪು ಜಾರಿ ಬರುತ್ತದೆ. ಗಂಡಸರಿಗೆ ಪ್ರಾಸ್ಟೇಟ್ ದಾಟುವಾಗ ಒಂದು ಕ್ಷಣ ಚುರುಕ್ ಎನ್ನುತ್ತದೆ. ಸ್ವಚ್ಛ ಮಾಡಿದ ಮೇಲೆ ಮುಂದೊಗಲನ್ನು ಮತ್ತೆ ಮುಂದಕ್ಕೆ ತರುವುದನ್ನು ಮರೆಯಬಾರದು, ಹಿಂದೆಯೇ ಉಳಿದರೆ ಊದಿಕೊಂಡು ದೊಡ್ಡ ತೊಂದರೆಯಾಗುತ್ತದೆ.

ಬೇಗ ಉತ್ತರ ಬೇಕಾದಲ್ಲಿ ಇನ್ನೊಂದು ವಿಧಾನ ಇದೆ. ತೆಗೆಯುವ ಮುನ್ನ ಅದೇ ಪೈಪಿನ ಮೂಲಕ ಸುಮಾರು 300 ಮಿಲಿ ಸಲೈನ್ ತುಂಬಿಸಿ, ಆಮೇಲೆ ಪೈಪು ತೆಗೆದು ಕೂಡಲೇ ಒಂದಕ್ಕೆ ಹೋಗಲು ಹೇಳುವುದು. 200 ಮಿಲಿಯಾದರೂ ಬಂದರೆ ಪಾಸು. ಆರು ಗಂಟೆ ಕಾಯುವ ಬದಲು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮೂತ್ರಕೋಶಕ್ಕೆ ಹೊಲಿಗೆ ಬಿದ್ದವರಿಗೆ ಇದನ್ನು ಮಾಡಬಾರದು.

ಮೂತ್ರ ಬರಲಿ ಎಂದು ಎರಡು ಲೀಟರ್ ನೀರನ್ನೋ ಬಾರ್ಲಿ ನೀರನ್ನೋ ಒಟ್ಟಿಗೆ ಕುಡಿಸುವುದು ಬೇಡ. ಸೋತ ಮೂತ್ರಕೋಶ ಅದರಿಂದ ಇನ್ನೂ ಬೇಗ ಹಿಗ್ಗುತ್ತದೆ. ಡಾಕ್ಟರ್ ಕುಡಿಯಲು ಬಿಟ್ಟಷ್ಟನ್ನು ಗಂಟೆಗೆ ಒಂದು ಲೋಟದಂತೆ ಹಂಚಿ ಕೊಡಿ. ಮಲಗಿಕೊಂಡು ಪಾಟಿನಲ್ಲಿ ಪ್ರಯತ್ನಿಸುವುದಕ್ಕಿಂತ ಕಮೋಡಿನ ಮೇಲೆ ಪಾದ ಊರಿ ಕೂರುವುದು, ಗಂಡಸರಾದರೆ ನಿಲ್ಲುವುದು ಮೇಲು. ಹೊಲಿಗೆ ಇರುವಾಗ ಭಾರತೀಯ ಶೈಲಿಯ ಕಕ್ಕಸಿನಲ್ಲಿ ಕುಕ್ಕುರುಗಾಲಲ್ಲಿ ಕೂರಲಾಗದು, ವಾರ್ಡಿನಲ್ಲಿ ಕಮೋಡ್ ಕುರ್ಚಿ ಕೇಳಿ ತರಿಸಿ. ಗಾಯದ ಮೇಲೆ ಮೆತ್ತನೆಯ ದಿಂಬು ಒತ್ತಿ ಹಿಡಿದರೆ ನೋವು ಕಡಿಮೆ. ಒಬ್ಬರೇ ಇರಲು ಬಿಡಿ, ಬಾಗಿಲ ಹೊರಗೆ ಯಾರಾದರೂ ನಿಂತಿರಿ. ಮಲಬದ್ಧತೆಯೂ ಮೂತ್ರಕ್ಕೆ ಅಡ್ಡಿ ಎಂಬುದು ನೆನಪಿರಲಿ.

ಒಂದು ಹಾಳೆಯಲ್ಲಿ ಹೊತ್ತು ಮತ್ತು ಅಳತೆ ಬರೆದಿಡಿ. ಇಡೀ ದಿನದಲ್ಲಿ ಇದಕ್ಕಿಂತ ಬೆಲೆಯ ಕೆಲಸ ಇನ್ನೊಂದಿಲ್ಲ. ಏಳಕ್ಕೆ ಪೈಪು ತೆಗೆದು, ಹತ್ತೂಕಾಲಿಗೆ 220, ಒಂದು ಗಂಟೆಗೆ 260, ಆಮೇಲೆ ಸ್ಕ್ಯಾನಿನಲ್ಲಿ ಉಳಿದದ್ದು 80 ಮಿಲಿ ಎಂದಿದ್ದರೆ ನಿಶ್ಚಿಂತೆ. ಒಂಬತ್ತಕ್ಕೆ 40, ಒಂಬತ್ತೂವರೆಗೆ 60, ಹತ್ತಕ್ಕೆ 30, ಹತ್ತೂವರೆಗೆ 50 ಎಂದಿದ್ದರೆ ಮನೆಯವರು ಮೂತ್ರ ಚೆನ್ನಾಗಿಯೇ ಆಗುತ್ತಿದೆ ಎಂದುಕೊಳ್ಳುತ್ತಾರೆ. ಅದು ತುಂಬಿದ ಕೊಡದಿಂದ ತುಳುಕುವ ನೀರು. ಒಳಗೆ 700 ಮಿಲಿ ಕೂತಿರಬಹುದು. ಪದೇ ಪದೇ ಸ್ವಲ್ಪ ಸ್ವಲ್ಪ ಹೋಗುತ್ತಿದ್ದರೆ, ಕಿಬ್ಬೊಟ್ಟೆ ಬಿಗಿಯಾಗಿದ್ದರೆ, ಅಥವಾ ಆರು ಗಂಟೆ ಕಳೆದರೂ ಏನೂ ಆಗದಿದ್ದರೆ ಸ್ಕ್ಯಾನ್ ಮಾಡಲು ಕೇಳಿ. ಬ್ಲ್ಯಾಡರ್ ಸ್ಕ್ಯಾನರ್ ಇಲ್ಲದ ಆಸ್ಪತ್ರೆಯಲ್ಲಿ ಮಾಮೂಲಿ ಅಲ್ಟ್ರಾಸೌಂಡ್ ಸಾಕು.

ಹೋಗಿ ಬಂದ ಮೇಲೆ 150ರಿಂದ 200 ಮಿಲಿಗಿಂತ ಕಡಿಮೆ ಉಳಿದರೆ ಗೆದ್ದಂತೆ. ಹೋಗಲು ಆಗದೆ 400ರಿಂದ 500 ದಾಟಿದ್ದರೆ ಖಾಲಿ ಮಾಡಲೇಬೇಕು. ನಡುವಿನವರು ಎರಡು ಮೂರು ಗಂಟೆ ಬಿಟ್ಟು ಮತ್ತೆ ನೋಡಬೇಕು. ಮೊದಲ ಎರಡು ದಿನ ಉರಿ, ಒಂದೆರಡು ಸಲ ತಿಳಿಗೆಂಪು ಬಣ್ಣ ಇದ್ದರೆ ಭಯವಿಲ್ಲ. ಪೈಪು ತೆಗೆದರೆಂದು ಎಲ್ಲರಿಗೂ ಆ್ಯಂಟಿಬಯೋಟಿಕ್ ಬೇಕಿಲ್ಲ, ಜ್ವರ ಚಳಿ ಇಲ್ಲದವರ ಮೂತ್ರವನ್ನು ಕಲ್ಚರ್‌ಗೆ ಕಳಿಸುವುದೂ ವ್ಯರ್ಥ ಖರ್ಚು.

ಸೋತರೆ

ಮೊದಲ ಸಲ ಸೋತರೆ ತೆಳು ಪೈಪು ಹಾಕಿ ಖಾಲಿ ಮಾಡಿ ಕೂಡಲೇ ತೆಗೆದುಬಿಡುವುದು ಒಂದು ದಾರಿ. ಮೇಲುಭಾಗದ ಕರುಳಿನ ಆಪರೇಷನ್ ಆದವರಲ್ಲಿ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. 600 ಮಿಲಿಗಿಂತ ಹೆಚ್ಚು ಬಂದರೆ ಸೋತ ಸ್ನಾಯುವಿಗೆ ವಿಶ್ರಾಂತಿ ಬೇಕು. ಪೈಪನ್ನು 24ರಿಂದ 48 ಗಂಟೆ ಬಿಟ್ಟು, ಗಂಡಸರಿಗೆ ಟ್ಯಾಮ್ಸುಲೋಸಿನ್ ಕೊಟ್ಟು, ಮಲಬದ್ಧತೆ ನೀಗಿಸಿ, ಮಾರ್ಫಿನ್ ಜಾತಿಯ ಮದ್ದು ತಗ್ಗಿಸಿ ಮತ್ತೆ ಪ್ರಯತ್ನಿಸುತ್ತಾರೆ.

ಗುದನಾಳದ ಜೋಡಣೆ ಆದವರು ನಾಲ್ಕೈದನೇ ದಿನದವರೆಗೆ ಚೆನ್ನಾಗಿ ಹೋಗುತ್ತಿದ್ದು ಆಮೇಲೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಕೊಂಡರೆ, ಜೊತೆಗೆ ಜ್ವರ, ನಾಡಿ ಏರುವುದು, ಕಿಬ್ಬೊಟ್ಟೆ ನೋವು ಇದ್ದರೆ ಅದನ್ನು ಬರೀ ಮೂತ್ರದ ತೊಂದರೆ ಎಂದು ಬಿಡಬೇಡಿ. ಜೋಡಣೆ ಸೋರಿ ಒಳಗೆ ಕೀವು ಕೂತಿರಬಹುದು. ಸರ್ಜನ್‌ಗೆ ಅದೇ ಹೊತ್ತಿನಲ್ಲಿ ತಿಳಿಸಿ. ಡ್ರೈನಿನಲ್ಲಿ ನೀರಿನಂಥ ದ್ರವ ಇದ್ದಕ್ಕಿದ್ದಂತೆ ಹೆಚ್ಚಾದರೆ ಅದು ಮೂತ್ರವೇ ಎಂದು ತಿಳಿಯಲು ಡ್ರೈನಿನ ದ್ರವದ ಕ್ರಿಯಾಟಿನಿನ್ (ಮೂತ್ರದಲ್ಲಿ ಹೆಚ್ಚಾಗಿರುವ ಅಂಶ) ಪರೀಕ್ಷೆ ಮಾಡಿಸುತ್ತಾರೆ.

ಎರಡನೇ ಸಲವೂ ಸೋತರೆ ಆಸ್ಪತ್ರೆಯಲ್ಲೇ ದಿನ ದೂಡಬೇಕಿಲ್ಲ. ಒಂದೋ ಪೈಪಿನೊಂದಿಗೇ ಮನೆಗೆ ಹೋಗಿ ಒಂದೆರಡು ವಾರ ಬಿಟ್ಟು ತೆಗೆಸಲು ಬರುವುದು. ಇಲ್ಲವೇ ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ತೆಳು ಪೈಪು ಹಾಕಿ ಖಾಲಿ ಮಾಡಿಕೊಳ್ಳಲು ಕಲಿಯುವುದು. ಎರಡನೆಯದರಲ್ಲಿ ಸೋಂಕು ಕಡಿಮೆ, ಬ್ಯಾಗಿನ ಹಂಗಿಲ್ಲ, ಮೂತ್ರಕೋಶ ಮರಳಿ ಶಕ್ತಿ ಪಡೆದದ್ದು ಪ್ರತಿದಿನದ ಅಳತೆಯಲ್ಲೇ ಕಾಣುತ್ತದೆ. ಆದರೆ ಕೈ ನಡುಗದಿರಬೇಕು, ಕಣ್ಣು ಕಾಣಬೇಕು, ಸ್ವಚ್ಛ ಬಚ್ಚಲು ಬೇಕು, ಕಲಿಸುವವರೂ ಬೇಕು. ನರಗಳಿಗೆ ದೊಡ್ಡ ಪೆಟ್ಟಾಗಿ ತಿಂಗಳುಗಟ್ಟಲೆ ಬೇಕಾದೀತು ಎನ್ನುವವರಿಗೆ ಇದೇ ಮೇಲು. ಹತ್ತು ದಿನದ ಮಾತಾದರೆ, ವಯಸ್ಸಾದವರಾದರೆ ಪೈಪಿನೊಂದಿಗೆ ಹೋಗುವುದೇ ಸಲೀಸು.

ಪೈಪಿನೊಂದಿಗೆ ಮನೆಗೆ ಹೋಗುವವರು ಡಿಸ್‌ಚಾರ್ಜ್ ಹಾಳೆಯಲ್ಲಿ ಮೂರು ವಿಷಯ ಬರೆಸಿಕೊಳ್ಳಬೇಕು: ಹಾಕಿದ ದಿನಾಂಕ, ಅಳತೆ ಮತ್ತು ಬಲೂನಿನ ನೀರು, ತೆಗೆಯುವ ದಿನಾಂಕ. ಬೇರೆ ಊರಿನ ಆಸ್ಪತ್ರೆಯಲ್ಲಿ ತೆಗೆಸಬೇಕಾಗಿ ಬಂದರೂ ಇವು ಕೈಯಲ್ಲಿರಬೇಕು. ಬ್ಯಾಗು ಸದಾ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಇರಲಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ಮೂತ್ರ ಹಿಂದಕ್ಕೆ ಹರಿಯುತ್ತದೆ. ಮುಕ್ಕಾಲು ತುಂಬುವ ಮೊದಲೇ ಕೆಳಗಿನ ನಲ್ಲಿಯಿಂದ ಖಾಲಿ ಮಾಡಿ, ಪೈಪು ಮತ್ತು ಬ್ಯಾಗಿನ ಕೀಲನ್ನು ಬಿಚ್ಚಬೇಡಿ. ಎಳೆತ ಬೀಳದಂತೆ ಪೈಪನ್ನು ತೊಡೆಗೆ ಟೇಪು ಹಾಕಿ ಅಂಟಿಸಿ. ದಿನಕ್ಕೊಮ್ಮೆ ಮಾಮೂಲಿ ಸೋಪು ನೀರಿನಲ್ಲಿ ತೊಳೆದರೆ ಸಾಕು, ಡೆಟಾಲ್ ಬೇಡ. ನಾಲ್ಕು ಗಂಟೆ ಬ್ಯಾಗಿಗೆ ಏನೂ ಬರದಿದ್ದರೆ ಮೊದಲು ಪೈಪು ಎಲ್ಲಾದರೂ ಮಡಚಿದೆಯೇ ನೋಡಿ, ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಚಳಿಜ್ವರ, ಗಟ್ಟಿ ರಕ್ತದ ಹೆಪ್ಪು, ಮೂತ್ರದ ಜೊತೆ ಗಾಳಿ ಗುಳ್ಳೆ ಅಥವಾ ಮಲದ ಬಣ್ಣ ಕಂಡರೆ ರಾತ್ರಿಯಾಗಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ.